ಮುಖ ನೋಡಿ ಮಣೆ: ಹೊಸ ಚಾಟ್ ಆ್ಯಪ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ನಮ್ಮ ಪ್ರಶ್ನೆ ಪೆಟ್ಟಿಗೆ ತೆರೆದರೆ ಬರೀ ಅರಟ್ಟೈ. ಫೋನ್ ಬಿಸಿಯಾಗುತ್ತೆ, ಚಾರ್ಜ್ ನಿಲ್ಲಲ್ಲ ಅನ್ನೋ ಮಾಮೂಲಿ ಪ್ರಶ್ನೆ ಕೇಳುವವರೂ ಕೊನೇ ಸಾಲಿನಲ್ಲಿ 'ಅಂದ ಹಾಗೆ' ಅಂತ ಶುರು ಮಾಡಿ ಅಲ್ಲಿಗೇ ಬಂದು ನಿಲ್ಲುತ್ತಿದ್ದಾರೆ. ಗೊತ್ತಿಲ್ಲದವರಿಗೆ ಎರಡು ಮಾತು. ಇದು ಚೆನ್ನೈನ ಜೋಹೋ ಕಂಪನಿಯ ಮೆಸೇಜಿಂಗ್ ಆ್ಯಪ್. ಈಗ ತಾನೇ ಬಂತು ಅಂತ ಎಲ್ಲರೂ ಅಂದುಕೊಂಡಿದ್ದಾರೆ, ಆದರೆ ಹೊರಬಂದದ್ದು 2021ರ ಜನವರಿಯಲ್ಲಿ. ಅಲ್ಲಿಂದ ನಾಲ್ಕೂವರೆ ವರ್ಷ ತನ್ನ ಪಾಡಿಗೆ ಮೂಲೆಯಲ್ಲಿತ್ತು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಕೇಂದ್ರದ ಮಂತ್ರಿಗಳು 'ಸ್ವದೇಶಿ ಆ್ಯಪ್ ಬಳಸಿ' ಅಂದಿದ್ದೇ ತಡ, ದಿನಕ್ಕೆ 3,000 ಜನ ಸೇರುತ್ತಿದ್ದದ್ದು ಮೂರೇ ದಿನದಲ್ಲಿ 3,50,000ಕ್ಕೆ ಹೋಯಿತು ಅಂತ ಜೋಹೋ ಕಟ್ಟಿದ ಶ್ರೀಧರ್ ವೆಂಬು ಅವರೇ ಹೇಳಿದರು. ಜಾತ್ರೆಗೆ ಒಂದೇ ಬಾಗಿಲು ಇಟ್ಟ ಹಾಗಾಗಿ ಒಟಿಪಿ ಬರೋದೂ ತಡವಾಯಿತು.

ಆದರೆ ನಿಮ್ಮ ಪತ್ರಗಳಲ್ಲಿ ಸ್ವದೇಶಿ ವಿಚಾರ ಕಮ್ಮಿ. 'ನೋಡೋಕೆ ಹೇಗಿದೆ' ಅನ್ನೋದೇ ಜಾಸ್ತಿ. ನನಗೂ ಅದೇ ಇಷ್ಟದ ವಿಷಯ, ಬನ್ನಿ.

ಪ್ರ: ಮೇಡಂ, ಮಗಳು ಹೇಳಿದಳು ಅಂತ ಅರಟ್ಟೈ ಹಾಕಿಕೊಂಡೆ. ತೆರೆದು ನೋಡಿದರೆ ವಾಟ್ಸ್‌ಆ್ಯಪ್‌ನ ಅವಳಿ ತಮ್ಮ. ಕಾಪಿ ಹೊಡೆಯುವುದೇ ಆದರೆ ಇನ್ನೊಂದು ಯಾಕೆ ಬೇಕಿತ್ತು? ನಮ್ಮ ವಾಕಿಂಗ್ ಗೆಳೆಯರೆಲ್ಲ ಇದೇ ಮಾತು ಹೇಳುತ್ತಿದ್ದಾರೆ.
— ನಿವೃತ್ತ ಬ್ಯಾಂಕ್ ನೌಕರ, ಮೈಸೂರು

ಉ: ನಿಮ್ಮ ವಾಕಿಂಗ್ ಬಳಗ ಒಂದೇ ಅಲ್ಲ ಸಾರ್, ಊರೆಲ್ಲ ಇದನ್ನೇ ಹೇಳ್ತಿದೆ. ಆದರೆ ಚಾಟ್ ಆ್ಯಪ್ ಅಂದರೆ ಏನಿರುತ್ತೆ ಹೇಳಿ? ಎಡಕ್ಕೆ ಗುಂಡನೆಯ ಫೋಟೋ, ಪಕ್ಕದಲ್ಲಿ ಹೆಸರು, ಬಲಕ್ಕೆ ಟೈಮು, ಓದದೆ ಬಿಟ್ಟ ಮೆಸೇಜ್ ಎಷ್ಟು ಅಂತ ಒಂದು ಸಣ್ಣ ಬಿಲ್ಲೆ. ಒಳಗೆ ಹೋದರೆ ಅವರ ಮಾತು ಎಡಕ್ಕೆ, ನಮ್ಮದು ಬಲಕ್ಕೆ, ಕೆಳಗೆ ಬರೆಯೋ ಜಾಗ. ಟೆಲಿಗ್ರಾಂ ತೆರೆದರೂ ಇದೇ, ಸಿಗ್ನಲ್ ತೆರೆದರೂ ಇದೇ.

ಬೆಂಗಳೂರಿನ ಯಾವುದೇ ದರ್ಶಿನಿಗೆ ಹೋಗಿ. ಬಾಗಿಲಲ್ಲೇ ಕ್ಯಾಷ್ ಕೌಂಟರ್, ದುಡ್ಡು ಕೊಟ್ಟು ಟೋಕನ್ ತಗೊಳ್ಳಬೇಕು, ದೋಸೆಗೆ ಒಂದು ಕಡೆ, ಕಾಫಿಗೆ ಒಂದು ಕಡೆ, ಎತ್ತರದ ಮೇಜಿನ ಮುಂದೆ ನಿಂತು ತಿನ್ನಬೇಕು, ತಟ್ಟೆಯನ್ನು ಟಬ್ಬಿಗೆ ಹಾಕಬೇಕು. ಹೊಸ ದರ್ಶಿನಿ ತೆರೆದಾಗ 'ಅಯ್ಯೋ ಪಕ್ಕದ ರೋಡಿನವನ ಕಾಪಿ' ಅಂತ ಯಾರಾದರೂ ಬಯ್ತಾರಾ? ಬಯ್ಯೋದು ಕೌಂಟರ್ ಹಿಂದುಗಡೆ ಇಟ್ಟಾಗ. ಬೆಳಿಗ್ಗೆ ಎಂಟೂವರೆಗೆ ಆಫೀಸಿಗೆ ಓಡುವವನಿಗೆ ಟೋಕನ್ ಎಲ್ಲಿ ಅಂತ ಹುಡುಕೋ ತಾಳ್ಮೆ ಇರಲ್ಲ. ಆ್ಯಪ್ ಮಾಡುವವರಿಗೂ ಇದು ಗೊತ್ತು. 'ಬೇರೆ ಥರ ಇದೆ' ಅಂತ ಬಯ್ಸಿಕೊಳ್ಳೋದಕ್ಕಿಂತ 'ಅದೇ ಥರ ಇದೆ' ಅಂತ ಬಯ್ಸಿಕೊಳ್ಳೋದು ಅವರಿಗೆ ಲಾಭ.

ಹಾಗಂತ ಪೂರಾ ಒಂದೇ ಅಲ್ಲ. ಇದರಲ್ಲಿ ಮೀಟಿಂಗ್‌ಗೆ ಅಂತಲೇ ಒಂದು ಜಾಗ ಇದೆ. ಗ್ರೂಪ್‌ಗಳಲ್ಲಿ ನಿಮ್ಮ ಹೆಸರು ಎಳೆದು ಮಾತಾಡಿದ್ದನ್ನೆಲ್ಲ ಒಂದೇ ಕಡೆ ತೋರಿಸೋ ಜಾಗ ಇದೆ. ಆಂಡ್ರಾಯ್ಡ್ ಟಿವಿಯಲ್ಲೂ ಓಡುತ್ತೆ. ಇನ್ನು 'ಪಾಕೆಟ್' ಅಂತ ಒಂದಿದೆ, ನನಗೆ ಹಿಡಿಸಿದ್ದು ಅದೇ. ನಿಮಗೆ ನೀವೇ ಬರೆದಿಟ್ಟುಕೊಳ್ಳೋ ಜೇಬು ಅದು. ವಾಟ್ಸ್‌ಆ್ಯಪ್‌ನಲ್ಲಿ ನಮಗೆ ನಾವೇ ಮೆಸೇಜ್ ಕಳಿಸೋ ಸೌಲಭ್ಯ ಬಂದದ್ದು 2022ರ ಕೊನೆಯಲ್ಲಿ. ಅಲ್ಲಿಯವರೆಗೆ ನಾವೆಲ್ಲ ಏನು ಮಾಡ್ತಿದ್ವಿ ನೆನಪಿದೆಯಾ? ನಾನು ನನ್ನ ತಮ್ಮನನ್ನು ಸೇರಿಸಿ 'ಸಾಮಾನು' ಅಂತ ಒಂದು ಗ್ರೂಪ್ ಮಾಡಿದೆ, ಮರುಕ್ಷಣ ಅವನನ್ನು ತೆಗೆದೆ. ಒಬ್ಬಳೇ ಉಳಿದ ಆ ಗ್ರೂಪಲ್ಲಿ ತೊಗರಿಬೇಳೆ, ಕರೆಂಟ್ ಬಿಲ್ಲಿನ ಆರ್‌ಆರ್ ನಂಬರು, ಗ್ಯಾಸ್ ಬುಕ್ ಮಾಡಿದ ತಾರೀಕು ಎಲ್ಲ ಇದ್ದವು. ಯಾಕೆ ಸೇರಿಸಿದೆ, ಯಾಕೆ ತೆಗೆದೆ ಅಂತ ಅವನು ಇವತ್ತಿಗೂ ಕೇಳ್ತಾನೆ. ಇಂಥ ಕಳ್ಳದಾರಿ ಎಷ್ಟೋ ಜನ ಕಂಡುಕೊಂಡಿದ್ದರು. ಆ ದಾರಿಯನ್ನು ನೋಡಿ ಅಲ್ಲೊಂದು ಬಾಗಿಲು ಇಡೋದು ನಿಜವಾದ ವಿನ್ಯಾಸ. ಬಣ್ಣ, ಬಟನ್ನು ಎಲ್ಲ ಆಮೇಲಿನ ಮಾತು.

ಪ್ರ: ಆ್ಯಪ್ ಓಕೆ, ಹೆಸರು ಯಾಕೆ ಹೀಗೆ? ನಮ್ಮ ಹಾಸ್ಟೆಲ್‌ನ ಉತ್ತರದ ಹುಡುಗರು ಒಬ್ಬೊಬ್ಬರು ಒಂದೊಂದು ಥರ ಹೇಳ್ತಾರೆ.
— ಇಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು

ಉ: ಅವರ ಕಷ್ಟ ಅವರಿಗೆ, ನಿಮಗೇನಪ್ಪಾ ಕಷ್ಟ? ತಮಿಳಿನ ಅರಟ್ಟೈ, ನಮ್ಮ ಹರಟೆ, ಎರಡೂ ಒಂದೇ ಬೀದಿಯವು. ಕಿವಿಗೆ ಬಿದ್ದ ತಕ್ಷಣ ಕನ್ನಡದವರಿಗೆ ಅರ್ಥ ಆಗುತ್ತೆ. ಅರಳಿಕಟ್ಟೆ ಮೇಲೆ ಕೂತು ಹೊಡೆಯೋದು ಅಂತ ಹೇಳಿಬಿಡಿ ಹುಡುಗರಿಗೆ. ಇನ್ನು ನಾಲಿಗೆ ತಿರುಗಲ್ಲ ಅನ್ನೋ ದೂರು ಜಾಸ್ತಿ ದಿನ ಬದುಕಲ್ಲ. ವಾಟ್ಸ್‌ಆ್ಯಪನ್ನು ನಮ್ಮೂರಲ್ಲಿ 'ವಾಟ್ಸಪ್ಪು' ಮಾಡಿ, ಅದಕ್ಕೆ 'ವಾಟ್ಸಪ್ಪಲ್ಲಿ ಹಾಕು', 'ವಾಟ್ಸಪ್ ಮಾಡು' ಅಂತ ಬಾಲ ಕಟ್ಟಿ ಬಳಸ್ತಾ ಇಲ್ವಾ.

ಪ್ರ: ಅಕ್ಕಾರ, ನಂದು ಕಿರಾಣಿ ಅಂಗಡಿ ಐತಿ. ಆರ್ಡರ್ ಎಲ್ಲಾ ಫೋನ್‌ನಾಗ ಬರ್ತಾವ. ಒಂದೊಂದು ಅಪ್‌ಡೇಟ್ ಬಂದಾಗೂ ಬಟನ್ ಜಾಗಾ ಬದಲ ಆಗಿರ್ತದ. ಗಿರಾಕಿ ಎದುರಿಗೆ ನಿಂತಿರ್ತಾರ, ನಾನು ಹುಡುಕ್ಕೋತ ಕುಂತಿರ್ತೀನಿ. ಈಗ ಹೊಸ ಆ್ಯಪ್‌ಗೆ ಬರ್ರಿ ಅಂತಾರ. ಇವರಿಗೆ ಸುಮ್ನೆ ಇರಾಕ ಆಗಂಗಿಲ್ಲೇನ್ರಿ?
— ಅಂಗಡಿ ಮಾಲೀಕರು, ಹುಬ್ಬಳ್ಳಿ

ಉ: ಅಣ್ಣಾರ, ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. ಅಂಗಡಿಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಅಂತ ನಿಮ್ಮ ಕಣ್ಣು ನೋಡಲ್ಲ, ಕೈ ನೋಡುತ್ತೆ. ಗಿರಾಕಿ ಜೊತೆ ಮಾತಾಡ್ತಾ ಮಾತಾಡ್ತಾ ಕೈ ತಾನೇ ಹೋಗುತ್ತೆ. ರಾತ್ರಿ ಯಾರೋ ಬಂದು ಸಕ್ಕರೆ ಇದ್ದಲ್ಲಿ ಉಪ್ಪು ಇಟ್ಟು ಹೋದರೆ ಹೇಗೋ, ಫೋನಿನ ಕತೆಯೂ ಹಾಗೇ.

ಹತ್ತಿರದ ಉದಾಹರಣೆ ಹೇಳ್ತೀನಿ. 2024ರಲ್ಲಿ ಆಂಡ್ರಾಯ್ಡ್ ವಾಟ್ಸ್‌ಆ್ಯಪ್‌ನ ತಲೆ ಮೇಲಿದ್ದ ಚಾಟ್ಸ್, ಕಾಲ್ಸ್ ಪಟ್ಟಿ ಕೆಳಗೆ ಬಂತು. ಎಷ್ಟು ಬೈಗುಳ! ಆದರೆ ಅದಕ್ಕೆ ಕಾರಣ ಇತ್ತು. 2007ರಲ್ಲಿ ಬಂದ ಮೊದಲ ಐಫೋನಿನ ಪರದೆ 3.5 ಇಂಚು, ಹೆಬ್ಬೆರಳು ಮೂಲೆ ಮೂಲೆಗೂ ಮುಟ್ಟುತ್ತಿತ್ತು. ಈಗ ನಿಮ್ಮ ಕೈಯಲ್ಲಿರೋದು ಆರೂವರೆ ಇಂಚಿನ ಹಲಗೆ. ಒಂದು ಕೈಯಲ್ಲಿ ಹಿಡಿದರೆ ಹೆಬ್ಬೆರಳಿಗೆ ಮೇಲ್ಗಡೆ ಎಟುಕಲ್ಲ. ಇನ್ನೊಂದು ಕೈಯಲ್ಲಿ ನಿಮ್ಮದು ತಕ್ಕಡಿ ಇರುತ್ತೆ, ನಮ್ಮದು ಬಸ್ಸಿನ ಕಂಬಿ. ಹಾಗಾಗಿ ಕೆಳಗೆ ಬಂದದ್ದು ಒಳ್ಳೆಯದೇ ಆಯಿತು. ಈಗ ನೋಡಿ, ಅದು ಮೇಲಿತ್ತು ಅನ್ನೋದೇ ಎಷ್ಟೋ ಜನಕ್ಕೆ ಮರೆತುಹೋಗಿದೆ.

ಆದರೆ ಎಲ್ಲ ಬೈಗುಳವೂ ಹೀಗೆ ಆರಿಹೋಗಲ್ಲ. ಸ್ನ್ಯಾಪ್‌ಚಾಟ್‌ನವರು 2018ರ ಆರಂಭದಲ್ಲಿ ಮುಖ ಪೂರಾ ಬದಲಾಯಿಸಿದರು. ಗೆಳೆಯರ ಸ್ಟೋರಿಗಳನ್ನು, ಅಂದರೆ ಒಂದು ದಿನ ಮಾತ್ರ ಇರೋ ಫೋಟೋ, ವಿಡಿಯೋಗಳನ್ನು, ಒಂದು ಕಡೆಯಿಂದ ಕಿತ್ತು ಚಾಟ್ ಜೊತೆ ಕಲಸಿದರು. ಹಳೇದೇ ಕೊಡಿ ಅಂತ 12 ಲಕ್ಷಕ್ಕೂ ಹೆಚ್ಚು ಜನ ಅರ್ಜಿಗೆ ಸಹಿ ಹಾಕಿದರು. ಆ ವರ್ಷದ ಮೊದಲ ಮೂರು ತಿಂಗಳಲ್ಲಿ ದಿನಕ್ಕೆ 19.1 ಕೋಟಿ ಜನ ಬಳಸುತ್ತಿದ್ದದ್ದು ಮುಂದಿನ ಮೂರು ತಿಂಗಳಲ್ಲಿ 18.8 ಕೋಟಿಗೆ ಇಳಿಯಿತು. ಕಂಪನಿ ಒಂದಷ್ಟನ್ನು ವಾಪಸ್ ಹಳೇ ಜಾಗಕ್ಕೆ ಇಟ್ಟಿತು. ಸ್ಕೈಪ್‌ದೂ ಅದೇ ಪಾಡು. 2017ರಲ್ಲಿ ಹುಡುಗರ ಥರ ಬಣ್ಣ ಬಳಿದುಕೊಂಡು ಬಂತು, ಫೋನ್ ಮಾಡೋಕೆ ಅಂತ ಬಂದವರಿಗೆ ಸ್ಟೋರಿ ತೋರಿಸಿತು. ಮುಂದಿನ ವರ್ಷವೇ ಅದನ್ನು ತೆಗೆದರು, ಆದರೆ ಹೋದವರು ಬರಲಿಲ್ಲ. 2025ರ ಮೇ 5ಕ್ಕೆ ಸ್ಕೈಪ್ ಅಂಗಡಿಯೇ ಮುಚ್ಚಿತು. ಬರೀ ಬಣ್ಣದಿಂದ ಮುಚ್ಚಿತು ಅಂತ ನಾನು ಹೇಳಲ್ಲ, ಅದರ ಹಿಂದೆ ಬೇರೆ ಬೇರೆ ಕಾರಣ ಇದ್ದವು.

ವಾಟ್ಸ್‌ಆ್ಯಪ್ ಕೂಡ ಒಮ್ಮೆ ಕೈ ಸುಟ್ಟುಕೊಂಡಿದೆ. 2017ರ ಫೆಬ್ರುವರಿಯಲ್ಲಿ ಸ್ಟೇಟಸ್ ಅಂದರೆ 24 ಗಂಟೆ ಇರೋ ಫೋಟೋ ಅಂತ ಮಾಡಿ, ಹಳೇ ಒಂದು ಸಾಲಿನ ಸ್ಟೇಟಸ್ಸನ್ನು ತೆಗೆದೇಬಿಟ್ಟರು. 'ಮೀಟಿಂಗ್‌ನಲ್ಲಿದ್ದೇನೆ', 'ಬ್ಯಾಟರಿ ಖಾಲಿ' ಅಂತ ಬರೆದುಕೊಂಡಿದ್ದವರೆಲ್ಲ ಕಂಗಾಲು. ಒಂದೇ ತಿಂಗಳಲ್ಲಿ ಆ ಸಾಲನ್ನು ವಾಪಸ್ ಕೊಟ್ಟರು.

ಹಾಗಾದರೆ ಯಾವ ಸಿಟ್ಟು ನಿಲ್ಲುತ್ತೆ, ಯಾವುದು ಆರುತ್ತೆ? ನನ್ನ ಲೆಕ್ಕ ಇಷ್ಟೇ. ಇದ್ದದ್ದು ಜಾಗ ಬದಲಾಯಿಸಿದರೆ ಕೈ ಎರಡು ವಾರ ಗೊಣಗಿ ಸುಮ್ಮನಾಗುತ್ತೆ. ಇದ್ದದ್ದನ್ನೇ ಕಿತ್ತುಕೊಂಡರೆ, ಇಲ್ಲಾ ಬೇಡದ್ದನ್ನು ದಾರಿಗೆ ಅಡ್ಡ ತಂದಿಟ್ಟರೆ ಎರಡು ವರ್ಷವಾದರೂ ಸುಮ್ಮನಾಗಲ್ಲ. ನಿಮಗೆ ಹೊಸ ಆ್ಯಪ್ ಹಿಡಿಸುತ್ತೋ ಇಲ್ಲವೋ ಅಂತ ಮೊದಲ ದಿನವೇ ತೀರ್ಮಾನ ಮಾಡಬೇಡಿ, ಗಿರಾಕಿ ಇಲ್ಲದ ಮಧ್ಯಾಹ್ನ ಹದಿನೈದು ದಿನ ಬಳಸಿ. ಆಮೇಲೂ ಸಿಟ್ಟು ಬಂದರೆ ಅದು ಆ್ಯಪ್‌ನ ತಪ್ಪು. ಹಾಂ, ಫೋನಿನಲ್ಲಿ ತಂತಾನೇ ಅಪ್‌ಡೇಟ್ ಆಗೋದನ್ನು ಬಂದ್ ಮಾಡಿ, ಭಾನುವಾರ ರಾತ್ರಿ ನೀವೇ ಮಾಡಿಕೊಳ್ಳಿ. ಸೋಮವಾರ ಬೆಳಿಗ್ಗೆ ಗಿರಾಕಿ ಎದುರು ಆಶ್ಚರ್ಯ ಬೇಡ. ಅಪ್‌ಡೇಟ್ ಮಾತ್ರ ಬಿಡಬೇಡಿ, ಕಳ್ಳರಿಗೆ ಹಾಕೋ ಬೀಗವೂ ಅದರಲ್ಲೇ ಬರೋದು.

ಪ್ರ: ಬ್ಲೂ ಟಿಕ್ ಬಂದರೂ ಉತ್ತರ ಕೊಡಲ್ಲ ಅಂತ ನಾದಿನಿ ಮಾತು ಬಿಟ್ಟಿದ್ದಾಳೆ. ಹೊಸ ಆ್ಯಪ್‌ಗೆ ಹೋದರೆ ಈ ಕಾಟ ತಪ್ಪುತ್ತಾ?
— ಗೃಹಿಣಿ, ಮಂಗಳೂರು

ಉ: ಆ್ಯಪ್ ಬದಲಾಯಿಸಿದರೂ ನಾದಿನಿ ಅವರೇ ಅಲ್ವಾ! ಈ ನೀಲಿ ಗೆರೆ 2014ರ ನವೆಂಬರ್‌ನಲ್ಲಿ ಬಂದಾಗ ಜಗತ್ತೇ ಕಿರುಚಿತ್ತು, ಕೆಲವೇ ದಿನದಲ್ಲಿ ಆಫ್ ಮಾಡೋ ದಾರಿ ಕೊಟ್ಟರು. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಒಳಗೆ ಇದೆ. ಆಫ್ ಮಾಡಿದರೆ ನಿಮಗೂ ಅವರದ್ದು ಕಾಣಲ್ಲ, ಅದು ಕೊಟ್ಟು ತಗೊಳ್ಳೋ ವ್ಯವಹಾರ. ಗ್ರೂಪಿನಲ್ಲಿ ಮಾತ್ರ ಆಫ್ ಆಗಲ್ಲ, ವಾಯ್ಸ್ ಮೆಸೇಜ್ ಕೇಳಿದಿರಿ ಅನ್ನೋದೂ ಗೊತ್ತಾಗುತ್ತೆ. ಅಲ್ಲಿ ಸಿಕ್ಕಿಬೀಳಬೇಡಿ.

ಪ್ರ: ನಮ್ಮ ಅಜ್ಜಿಗೆ 78. ಅವರಿಗೆ ಇಂಗ್ಲಿಷ್ ಓದೋಕೆ ಬರಲ್ಲ, ಕನ್ನಡ ಚೆನ್ನಾಗಿ ಓದ್ತಾರೆ. ಫೋನನ್ನು ಕನ್ನಡಕ್ಕೆ ಹಾಕಿ ಅಕ್ಷರ ದೊಡ್ಡದು ಮಾಡಿಕೊಟ್ಟೆ. ಅವರು ಬಳಸೋ ಚಾಟ್ ಆ್ಯಪ್ ನೋಡಿದರೆ ಅರ್ಧ ಅಕ್ಷರ ಕತ್ತರಿಸಿ ಹೋಗಿದೆ, ಬಟನ್ ಮೇಲಿನ ಪದ ಪೂರ್ತಿ ಕಾಣಲ್ಲ. 'ಇದು ಕನ್ನಡವೇನೇ?' ಅಂತ ಕೇಳಿದರು. ಯಾಕೆ ಹೀಗೆ?
— ಮೊಮ್ಮಗಳು, ಸಾಗರ

ಉ: ಈ ಪತ್ರ ಓದಿ ಮಾಡೋ ಕೆಲಸ ಬಿಟ್ಟು ನಾನೂ ನನ್ನ ಫೋನಿನಲ್ಲಿ ಅಕ್ಷರವನ್ನು ಅತೀ ದೊಡ್ಡದು ಮಾಡಿ ಒಂದೊಂದೇ ಆ್ಯಪ್ ತೆರೆದು ನೋಡಿದೆ. ಹೆಸರು ಹೇಳಲ್ಲ, ಒಂದರಲ್ಲಿ ನಮ್ಮ ಮನೆಯ ನೆಂಟರೆಲ್ಲ ಅಂಗವಿಹೀನರಾಗಿದ್ದರು. ಅಜ್ಜಿ 'ಅಜಿ' ಆಗಿದ್ದರು. ಚಿಕ್ಕಪ್ಪ 'ಚಿಕಪ'. ದೊಡ್ಡಮ್ಮ 'ದೊಡಮ'. ಒತ್ತಕ್ಷರ ಎಲ್ಲಾ ಕೆಳಗಿನ ಗೆರೆಯ ಅಡಿ ಹೂತುಹೋಗಿತ್ತು. ಇದು ಬರೀ ಅಂದಗೇಡು ಅಂತ ಬಿಟ್ಟುಬಿಡೋ ಹಾಗೂ ಇಲ್ಲ, ಅರ್ಥವೇ ಕೆಡುತ್ತೆ. ಒತ್ತು ಹೋದರೆ ಕತ್ತೆ ಕತೆಯಾಗುತ್ತೆ.

ಕಾರಣ ಏನಂದರೆ, ಒಂದು ಸಾಲಿಗೆ ಎಷ್ಟು ಎತ್ತರ ಬೇಕು ಅಂತ ತೀರ್ಮಾನ ಮಾಡೋವಾಗ ಡಿಸೈನ್ ಮಾಡುವವರ ಕಣ್ಣ ಮುಂದೆ ಇಂಗ್ಲಿಷ್ ಅಕ್ಷರ ಇರುತ್ತೆ. ಅದು ಸಾಲಿನ ಮೇಲೆ ನೆಟ್ಟಗೆ ನಿಲ್ಲುತ್ತೆ, ಜಿ, ವೈ ಥರದ ನಾಲ್ಕೈದಕ್ಕೆ ಮಾತ್ರ ಸಣ್ಣ ಬಾಲ. ನಮ್ಮದು ಹಾಗಲ್ಲ. ಮೇಲೆ ಗುಡಿಸು, ಏತ್ವ, ಕೆಳಗೆ ಒತ್ತು, ಕೆಲವು ಸಲ ಒತ್ತಿಗೊಂದು ಒತ್ತು. 'ಸ್ತ್ರೀ', 'ರಾಷ್ಟ್ರ' ಬರೆದು ನೋಡಿ, ಎಷ್ಟು ಆಳಕ್ಕೆ ಇಳಿಯುತ್ತೆ ಅಂತ. ಇಂಗ್ಲಿಷಿಗೆ ಹೊಲಿದ ಅಂಗಿಯನ್ನು ಕನ್ನಡಕ್ಕೆ ತೊಡಿಸಿದರೆ ಹೊಟ್ಟೆ ಹತ್ರ ಬಟನ್ ಬಿಚ್ಚಿಕೊಳ್ಳದೇ ಇರುತ್ತಾ?

ಅಗಲದ್ದು ಇನ್ನೊಂದು ತಾಪತ್ರಯ. 'ಸೆಂಡ್' ಅನ್ನೋ ಬಟನ್ನಿನ ಅಳತೆಯಲ್ಲಿ 'ಕಳುಹಿಸಿ' ಕೂರಬೇಕು. 'ಮ್ಯೂಟ್' ಇದ್ದಲ್ಲಿ 'ಅಧಿಸೂಚನೆಗಳನ್ನು ನಿಶ್ಶಬ್ದಗೊಳಿಸಿ' ಅಂತ ಬರೆದರೆ ಮೂರು ಚುಕ್ಕಿ ಬೀಳದೆ ಇನ್ನೇನಾಗುತ್ತೆ. ಒಂದು ಮಾತು ಹೇಳದೆ ಇರಲಾರೆ: ಈ 'ಅಧಿಸೂಚನೆ' ಅನ್ನೋ ಪದ ಕಂಡರೆ ನನಗೆ ಸರ್ಕಾರದ ರಾಜ್ಯಪತ್ರವೇ ಕಣ್ಣಿಗೆ ಕಟ್ಟುತ್ತೆ. ಅತ್ತೆ ಗುಡ್ ಮಾರ್ನಿಂಗ್ ಗುಲಾಬಿ ಕಳಿಸಿದ್ದಕ್ಕೂ ಅಧಿಸೂಚನೆ ಹೊರಡಿಸಬೇಕಾ? ನಿಮ್ಮ ಅಜ್ಜಿಗೆ 'ಸದ್ದು ಬೇಡ' ಅಂದರೆ ಸಾಕು. ಚಿಕ್ಕದು, ಜಾಗದಲ್ಲೂ ಕೂರುತ್ತೆ. ಅನುವಾದ ಮಾಡುವವರಿಗೆ ಬರೀ ಪದಗಳ ಪಟ್ಟಿ ಕೊಡ್ತಾರೆ, ಪದ ಪರದೆಯ ಯಾವ ಮೂಲೆಯಲ್ಲಿ ಕೂರುತ್ತೆ ಅಂತ ತೋರಿಸಲ್ಲ. ಅವರೂ ಪಾಪ, ಡಿಕ್ಷನರಿ ನೋಡಿ ಬರೆದು ಕಳಿಸ್ತಾರೆ. ಹೊಸ ಆ್ಯಪ್ ಚೆನ್ನೈನಲ್ಲಿ ಹುಟ್ಟಲಿ, ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಲಿ, ನಾನು ಮೊದಲು ನೋಡೋದು ಇದನ್ನೇ. ಫೋನ್ ಕನ್ನಡಕ್ಕೆ, ಅಕ್ಷರ ಅತೀ ದೊಡ್ಡದಕ್ಕೆ, ಆಮೇಲೆ 'ದೊಡ್ಡಮ್ಮ' ಪೂರ್ತಿ ಕಾಣ್ತಾರಾ ಅಂತ.

ಸದ್ಯಕ್ಕೆ ನೀವು ಮಾಡಬಹುದಾದದ್ದು: ಫೋನಿನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಅಕ್ಷರವನ್ನು ಒಂದು ಹಂತ ಇಳಿಸಿ, ಚಾಟ್ ಆ್ಯಪ್‌ನ ಒಳಗಡೆ ಬೇರೆಯಾಗಿ ಅಕ್ಷರದ ಅಳತೆ ಇದ್ದರೆ ಅಲ್ಲಿ ದೊಡ್ಡದು ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಅದು ಚಾಟ್ಸ್ ಸೆಟ್ಟಿಂಗ್‌ನಲ್ಲಿದೆ. ಬಟನ್ನುಗಳು ಕತ್ತರಿಸಲ್ಲ, ಮೆಸೇಜ್ ದೊಡ್ಡದಾಗಿ ಕಾಣುತ್ತೆ. ಜೊತೆಗೆ ಮಕ್ಕಳ, ಮೊಮ್ಮಕ್ಕಳ ಹೆಸರಿಗೆಲ್ಲ ಮುಖ ಸರಿಯಾಗಿ ಕಾಣೋ ಫೋಟೋ ಹಾಕಿಸಿ. ಬೆಟ್ಟ, ಬುದ್ಧ, ಸೂರ್ಯಾಸ್ತ ಬೇಡ. ಅಜ್ಜಿ ಹೆಸರು ಓದೋ ಮೊದಲು ಮುಖ ನೋಡ್ತಾರೆ. ನನಗೆ ಗೊತ್ತಿರೋ ಒಬ್ಬರು ಅಜ್ಜಿ ಮಗನ ಫೋಟೋ ಬದಲಾದ ದಿನ ಯಾರೋ ಬೇರೆಯವರು ಅಂತ ಫೋನೇ ಎತ್ತಲಿಲ್ಲ.

ಪ್ರ: ಅರಟ್ಟೈ ಸೇಫಾ?
— ಕಲಬುರಗಿ

ಉ: ಎರಡೇ ಪದದ ಪ್ರಶ್ನೆ, ನಾನೂ ಚಿಕ್ಕದಾಗಿ ಹೇಳ್ತೀನಿ. 2025ರ ಅಕ್ಟೋಬರ್ ತಿಂಗಳಲ್ಲಿ ಅದರ ಆಡಿಯೋ, ವಿಡಿಯೋ ಕರೆಗಳಿಗೆ ಎರಡು ತುದಿಯ ಗೂಢಲಿಪಿ ಇತ್ತು, ಅಂದರೆ ನಡುವೆ ಕಂಪನಿಗೂ ಕೇಳಿಸಲ್ಲ. ಮಾಮೂಲಿ ಮೆಸೇಜುಗಳಿಗೆ ಆಗ ಇನ್ನೂ ಇರಲಿಲ್ಲ, ಅದಕ್ಕೂ ತರ್ತೀವಿ ಅಂತ ಜೋಹೋ ಹೇಳಿತ್ತು. ವಾಟ್ಸ್‌ಆ್ಯಪ್‌ನಲ್ಲಿ ಇದು 2016ರಿಂದ ಇದೆ. ನಿಮ್ಮ ಬ್ಯಾಂಕ್ ಪಾಸ್‌ವರ್ಡ್ ಮಾತ್ರ ಎರಡರಲ್ಲೂ ಕಳಿಸಬೇಡಿ ಮಾರಾಯ್ರೇ. ಪರದೆ ಮೇಲೆ ಬೀಗದ ಚಿತ್ರ ಇದ್ದ ಮಾತ್ರಕ್ಕೆ ಬೀಗ ಇದೆ ಅಂತಲ್ಲ, ಚಿತ್ರ ಯಾರು ಬೇಕಾದರೂ ಬರೀಬಹುದು.

ಪ್ರ: ನಾನು ಕುಂದಾಪುರದವನು, ಹನ್ನೊಂದು ವರ್ಷದಿಂದ ದುಬೈನಲ್ಲಿದ್ದೇನೆ. ಇಲ್ಲಿ ವಾಟ್ಸ್‌ಆ್ಯಪ್ ಕಾಲ್ ನಡೆಯಲ್ಲ, ಅದಕ್ಕೆ ಅಮ್ಮನಿಗೆ ಬೋಟಿಮ್ ಅನ್ನೋ ಕಾಲ್ ಆ್ಯಪ್ ಹಾಕಿಕೊಟ್ಟಿದ್ದೆ. ಮೆಸೇಜಿಗೆ ವಾಟ್ಸ್‌ಆ್ಯಪ್. ಈಗ ಭಾವ ಮನೆ ಗ್ರೂಪನ್ನು ಅರಟ್ಟೈಗೆ ತಂದಿದ್ದಾರೆ. ಅಮ್ಮನ ಫೋನಿನಲ್ಲಿ ಮೂರು ಆ್ಯಪು, ಮೂರಕ್ಕೂ ಮೂರು ಥರದ ಮುಖ. 'ನೀನು ಯಾವ ಪೆಟ್ಟಿಗೆಯಲ್ಲಿ ಇದ್ದಿ ಮಗಾ?' ಅಂತ ಕೇಳ್ತಾರೆ. ಏನು ಮಾಡಲಿ?

ಉ: 'ಯಾವ ಪೆಟ್ಟಿಗೆಯಲ್ಲಿ ಇದ್ದಿ', ನಿಮ್ಮ ಅಮ್ಮ ಒಂದೇ ಸಾಲಿನಲ್ಲಿ ಹೇಳಿದ್ದನ್ನು ನಾನು ಈ ಪುಟದಲ್ಲಿ ನಾಲ್ಕು ಸಲ ಬರೆದಿದ್ದೇನೆ, ಅಷ್ಟು ಚೆನ್ನಾಗಿ ಬಂದಿಲ್ಲ.

ನೋಡಿ, ಈಮೇಲ್‌ನಲ್ಲಿ ಈ ಗೋಳಿಲ್ಲ. ಜಿಮೇಲ್‌ನವರು ಯಾಹೂದವರಿಗೆ ಬರೀಬಹುದು. ಯುಪಿಐನಲ್ಲೂ ಇಲ್ಲ, ನಿಮ್ಮದು ಫೋನ್‌ಪೇ ಇರಲಿ, ಎಳನೀರಿನವನದು ಗೂಗಲ್‌ಪೇ ಇರಲಿ, ದುಡ್ಡು ಹೋಗುತ್ತೆ. ಚಾಟ್ ಒಂದರಲ್ಲಿ ಮಾತ್ರ ಬಹುತೇಕ ಕಂಪನಿಗಳು ಸುತ್ತ ಗೋಡೆ ಕಟ್ಟಿವೆ. ಶ್ರೀಧರ್ ವೆಂಬು 2025ರಲ್ಲಿ ಅದನ್ನೇ ಎತ್ತಿದರು, ಮೆಸೇಜಿಂಗ್ ಕೂಡ ಯುಪಿಐ, ಈಮೇಲ್ ಥರ ಒಂದರಿಂದ ಇನ್ನೊಂದಕ್ಕೆ ಹೋಗೋ ಹಾಗಿರಬೇಕು ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಇದು ಹೊಸ ಕನಸಲ್ಲ. 2005ರ ಆಗಸ್ಟ್‌ನಲ್ಲಿ ಗೂಗಲ್ ಟಾಕ್ ಬಂದಾಗ ಅದು ಜ್ಯಾಬರ್ ಅನ್ನೋ ಎಲ್ಲರಿಗೂ ತೆರೆದ ಪದ್ಧತಿ ಮೇಲೆ ನಿಂತಿತ್ತು. ಮರುವರ್ಷ ಬೇರೆ ಸರ್ವರ್‌ನವರಿಗೂ ಬಾಗಿಲು ತೆರೆಯಿತು. 2013ರಲ್ಲಿ ಗೂಗಲ್ ಹ್ಯಾಂಗೌಟ್ಸ್ ಅನ್ನೋ ಹೊಸ ಚಾಟ್ ಆ್ಯಪ್ ತಂದು ಅದೇ ಬಾಗಿಲು ಮುಚ್ಚಿತು. ಹಿಂದೆ ಬಿದ್ದಾಗ ಎಲ್ಲರೂ ಬಾಗಿಲು ತೆರೀತಾರೆ, ಮುಂದೆ ಹೋದ ಮೇಲೆ ತೆರೆದಿಟ್ಟವರನ್ನು ನಾನಂತೂ ಕಡಿಮೆ ಕಂಡಿದ್ದೇನೆ. ಜೋಹೋ ಬೇರೆ ಥರ ಅಂತ ತೋರಿಸಿದರೆ ನಾನೇ ಈ ಪುಟದಲ್ಲಿ ತಪ್ಪಾಯ್ತು ಅಂತ ಬರೀತೀನಿ.

ಅಮ್ಮನ ವಿಷಯಕ್ಕೆ ಬನ್ನಿ. ಮೂರು ಆ್ಯಪ್‌ಗಳನ್ನೂ ಮುಖಪರದೆಯಿಂದ ತೆಗೆದು ಒಳಗೆ ಇಡಿ. ಮುಖಪರದೆ ಮೇಲೆ ನಿಮ್ಮ ಫೋಟೋ ಇರೋ ಒಂದು ಶಾರ್ಟ್‌ಕಟ್ ಇಡಿ, ಒತ್ತಿದರೆ ನಿಮ್ಮ ಚಾಟ್ ತೆರೆಯೋ ಹಾಗೆ. ಆಂಡ್ರಾಯ್ಡ್ ವಾಟ್ಸ್‌ಆ್ಯಪ್‌ನಲ್ಲಿ ಚಾಟ್ ತೆರೆದು ಮೇಲಿನ ಮೂರು ಚುಕ್ಕಿಯಲ್ಲಿ ಹುಡುಕಿದರೆ ಶಾರ್ಟ್‌ಕಟ್ ಸೇರಿಸೋದು ಸಿಗುತ್ತೆ. ಅಮ್ಮನಿಗೆ ಪೆಟ್ಟಿಗೆ ಕಾಣಬಾರದು, ಮಗ ಕಾಣಬೇಕು. ಭಾವನಿಗೆ ಗ್ರೂಪ್ ಇಟ್ಟುಕೊಳ್ಳಲಿ ಅಂತ ಹೇಳಿ, ಅಮ್ಮನನ್ನು ಅದಕ್ಕೆ ಎಳೆಯೋದು ಬೇಡ. ಸ್ವದೇಶಿ ಅಭಿಮಾನಕ್ಕೆ ಮನೆಯಲ್ಲಿ ಬೇರೆ ಕಡೆ ಜಾಗ ಇದೆ.

ಪ್ರ: ನಾನು ಒಂದು ಸ್ಟಾರ್ಟಪ್‌ನಲ್ಲಿ ಡಿಸೈನರ್. ನಮ್ಮದೂ ಒಂದು ಚಾಟ್ ಆ್ಯಪ್ ಬರ್ತಿದೆ. ಆ್ಯಪ್‌ನ ಚಿತ್ರ ಹಾಕಿ, ಕೆಲವರಿಗೆ ಬಳಸಿ ನೋಡೋಕೂ ಬಿಟ್ಟ ದಿನವೇ ಒಂದು ಸಾವಿರ ಬೈಗುಳ. ಬಾಸ್ 'ಇಗ್ನೋರ್ ಮಾಡು' ಅಂತಾರೆ. ಮಾಡ್ಲಾ?
— ಬೆಂಗಳೂರು

ಉ: ಮಾಡಬೇಡಮ್ಮ. ಹಾಗಂತ ಎಲ್ಲವನ್ನೂ ಎದೆಗೆ ಹಚ್ಚಿಕೊಳ್ಳಲೂ ಬೇಡ. ಮೊದಲು ಹೊಗಳಿಕೆ ಪಕ್ಕಕ್ಕಿಡು. 'ಸೂಪರ್', 'ಜೈ ಹಿಂದ್', ಐದು ಸ್ಟಾರು, ಇವರು ಮೆಚ್ಚಿದ್ದು ಬಾವುಟವನ್ನು, ನಿನ್ನ ಡಿಸೈನ್ ಅಲ್ಲ. ಬೈಗುಳದಲ್ಲೂ 'ಥೂ', 'ಚೀಪಾಗಿದೆ', 'ಕಾಪಿ' ಅನ್ನೋವನ್ನು ಪಕ್ಕಕ್ಕಿಡು, ಚಿತ್ರ ನೋಡಿ ಬೈದವರು ಬಳಸಿಯೇ ಇಲ್ಲ. ಉಳಿದದ್ದರಲ್ಲಿ ಕ್ರಿಯಾಪದ ಇರೋ ವಾಕ್ಯ ಹುಡುಕು. 'ಫೋಟೋ ಕಳಿಸೋಕೆ ಹೋದರೆ ಕಾಲ್ ಹೋಗುತ್ತೆ', 'ಬಿಸಿಲಲ್ಲಿ ಓದೋಕೆ ಆಗಲ್ಲ', 'ವಾಪಸ್ ಬರೋದು ಹೇಗೆ'. ಸಾವಿರದಲ್ಲಿ ಇಂಥವು ಮೂವತ್ತು ಸಿಕ್ಕರೆ ಹಬ್ಬ ಮಾಡು, ಆ ಮೂವತ್ತು ಜನ ನಿನಗೆ ಬಿಟ್ಟಿ ಕೆಲಸ ಮಾಡಿಕೊಟ್ಟಿದ್ದಾರೆ.

ಬಿಸಿಲಿನ ಮಾತು ಬಂತಲ್ಲ, ಅದನ್ನು ಆಫೀಸಿನ ಏಸಿಯಲ್ಲಿ ಕೂತು ಕಂಡುಹಿಡಿಯೋಕೆ ಆಗಲ್ಲ. ತಿಳಿ ಬೂದು ಬಣ್ಣದ ಅಕ್ಷರ ನಿನ್ನ ದೊಡ್ಡ ಮಾನಿಟರ್‌ನಲ್ಲಿ ಎಷ್ಟು ಚೆಂದ! ಮಧ್ಯಾಹ್ನ ಎರಡಕ್ಕೆ ಹೊರಗೆ ಹೋಗಿ ಆಟೋ ಸ್ಟ್ಯಾಂಡ್ ಹತ್ರ ನಿಲ್ಲು. ಗೀರು ಬಿದ್ದ ಗ್ಲಾಸಿನ ಮೇಲೆ, ಡ್ರೈವರ್ ಅಣ್ಣ ಅಂಗೈ ಮರೆ ಮಾಡಿಕೊಂಡು ಫೋನ್ ನೋಡ್ತಿರ್ತಾರೆ. ಒಂದು ಟೀ ಕೊಡಿಸಿ, ನಿನ್ನ ಆ್ಯಪ್ ಕೈಗಿಟ್ಟು, 'ಅಣ್ಣಾ, ಈ ಫೋಟೋನ ಮನೆಗೆ ಕಳಿಸಿ' ಅನ್ನು. ಅಷ್ಟೇ ಹೇಳಿ ಬಾಯಿ ಮುಚ್ಚಿಕೊಂಡು ನಿಲ್ಲು. ಇದು ಕಷ್ಟ, ನನಗೆ ಗೊತ್ತು, 'ಅಲ್ಲಿ ಒತ್ತಿ, ಅಲ್ಲಲ್ಲ ಪಕ್ಕದಲ್ಲಿ' ಅನ್ನೋಕೆ ನಾಲಿಗೆ ತುದಿಯಲ್ಲೇ ಇರುತ್ತೆ. ಅವರ ಹೆಬ್ಬೆರಳು ಎಲ್ಲಿ ಅನುಮಾನಿಸುತ್ತೋ ಅಲ್ಲಿ ನಿನ್ನ ಡಿಸೈನ್ ಬಾಕಿ ಇದೆ. ಬಾಸನ್ನೂ ಕರ್ಕೊಂಡು ಹೋಗು.

ಪ್ರ: ಹಳೇ ಯಾಹೂ ಮೆಸೆಂಜರ್‌ನಲ್ಲಿ 'ಬಜ್' ಅಂತ ಇತ್ತಲ್ಲ, ಒತ್ತಿದರೆ ಎದುರಿನವರ ಕಿಟಕಿಯೇ ಅಲ್ಲಾಡೋದು. ಅಂಥದ್ದನ್ನು ಈಗಿನವರು ಯಾಕೆ ಮಾಡಲ್ಲ?
— ದಾವಣಗೆರೆ

ಉ: ಅಯ್ಯೋ, ನೆನಪು ಮಾಡಿದಿರಿ! ಸೈಬರ್ ಕೆಫೆಯ ಮರದ ಹಲಗೆಯ ಗೂಡು, ಅಕ್ಷರ ಅಳಿಸಿಹೋದ ಕೀಬೋರ್ಡು, ಪಕ್ಕದ ಗೂಡಿನಿಂದ ಬಜ್ ಬಂದು ಹೆಡ್‌ಫೋನ್ ಹಾಕಿಕೊಂಡವನು ಕುರ್ಚಿಯಿಂದ ಹಾರೋದು. ಯಾಹೂ ಮೆಸೆಂಜರ್ 2018ರ ಜುಲೈ 17ಕ್ಕೆ ಮುಚ್ಚಿತು. ಆಗ ನಾವು ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಕೂರ್ತಿದ್ವಿ, ಎದುರಿನವರು ಸುಮ್ಮನಿದ್ದರೆ ಮೀಟರ್ ಓಡೋದು, ಅದಕ್ಕೆ ಅಲ್ಲಾಡಿಸೋ ಹಕ್ಕಿತ್ತು. ಈಗ ಫೋನ್ ಜೇಬಲ್ಲೇ ಇರುತ್ತೆ, ಬಾತ್‌ರೂಮಿಗೂ ಬರುತ್ತೆ. 247 ಜನ ಇರೋ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೆ ಬಜ್ ಬಟನ್ ಕೊಟ್ಟರೆ, ಮೊದಲ ದಿನ ಬೆಳಿಗ್ಗೆ ನೀರಿನ ಟ್ಯಾಂಕರ್ ಬಂದಿಲ್ಲ ಅನ್ನೋ ವಿಷಯಕ್ಕೇ ಕಟ್ಟಡ ಅಲ್ಲಾಡಿಹೋಗುತ್ತೆ.